ಅಳುಗಲ್ಲು

ಗೋರ್ಮಲ್ ಮುದುಕಿಗೆ ಕೆನೆ ಸಿಗತೊಡಗಿದ್ದು ಮೇ ತಿಂಗಳ ಮೊದಲ ವಾರದಿಂದ. ಅದಕ್ಕೂ ಹಿಂದಿನ ನಾಲ್ಕು ವರ್ಷ ಅವಳ ಪಾಲಿಗೆ ಬರುತ್ತಿದ್ದದ್ದು ಕೆನೆ ತೆಗೆದ ನೀಲಿ ಹಾಲು, ತಳ ಹಿಡಿದ ಓಟ್ಸ್ ಗಂಜಿ, ಹಸು ಬಾಲ ಬೀಸಿದರೆ ಮುಖಕ್ಕೆ ತಗಲುವಷ್ಟು ಹತ್ತಿರದ ಹಾಸಿಗೆ. ಒಂದೇ ಸೂರಿನ ಉದ್ದನೆಯ ಹುಲ್ಲುಮನೆ ಅದು. ಒಂದು ತುದಿಯಲ್ಲಿ ಒಲೆ, ಇನ್ನೊಂದು ತುದಿಯಲ್ಲಿ ಬ್ಲಾರಾಗ್ ಎಂಬ ಬಿಳಿಮುಖದ ಹಸು. ಸೊಸೆ ಕರ್ಸ್ಟಿ ಅತ್ತೆಯ ಹಾಸಿಗೆಯನ್ನು ಒಲೆಯ ಕಡೆಯಿಂದ ಹಸುವಿನ ಕಡೆಗೆ ಗೇಣು ಗೇಣಾಗಿ ಸರಿಸುತ್ತ ಬಂದಿದ್ದಳು. ಒಂದೇ ದಿನ ಸರಿಸಿದ್ದರೆ ಊರು ಕೇಳುತ್ತಿತ್ತು. ಎಲ್ಲೆ ಸರಿಸುವ ವಿದ್ಯೆ ಧಣಿಗಳಿಗೆ ಮಾತ್ರ ಗೊತ್ತು ಎಂದು ತಿಳಿದವರು ಮನೆಯ ಒಳಗೆ ಇಣುಕಿ ನೋಡಿದವರಲ್ಲ.

ಹಾಗೆಂದು ಕರ್ಸ್ಟಿಯನ್ನು ಕೆಟ್ಟವಳೆಂದು ಒಂದೇ ಮಾತಿಗೆ ತಳ್ಳಿಹಾಕಬೇಡಿ. ಹನ್ನೆರಡು ವರ್ಷದ ಹಿಂದೆ ಅವಳು ಟಾರ್ಕಿಲ್‌ನನ್ನು ಮದುವೆಯಾಗಿ ಈ ಮನೆಗೆ ಬಂದಾಗ ಹಿಟ್ಟಿನ ಪೆಟ್ಟಿಗೆಯ ಬೀಗದಕೈ ಗೋರ್ಮಲಳ ಕೊರಳಲ್ಲಿತ್ತು. ಬಸುರಿ ಸೊಸೆ ಇನ್ನೊಂದು ರೊಟ್ಟಿ ಕೇಳಿದರೆ "ನಿನ್ನ ಅಪ್ಪನ ಮನೆಯಿಂದ ಮೂಟೆ ಬಂದಿದೆಯಾ?" ಎನ್ನುತ್ತಿದ್ದಳು. ಮೊದಲ ಕೂಸು ಕೆಮ್ಮಿ ಕೆಮ್ಮಿ ಸತ್ತಾಗ "ಅದು ನಿನ್ನ ತವರಿನ ಎದೆ, ನಮ್ಮ ಕಡೆಯದಲ್ಲ" ಎಂದಳು. ಎರಡನೆಯದು ಸತ್ತಾಗ ಏನೂ ಅನ್ನಲಿಲ್ಲ, ಗಂಜಿ ಆಯ್ತಾ ಎಂದು ಕೇಳಿದಳು. ಕರ್ಸ್ಟಿ ಆ ದಿನ ಬಟ್ಟೆಯ ಪೆಟ್ಟಿಗೆ ತೆರೆದು, ಅತ್ತೆ ತನ್ನ ಸಾವಿಗೆಂದು ಮದುವೆಯ ಕಾಲದಿಂದ ಮಡಿಸಿಟ್ಟುಕೊಂಡಿದ್ದ ಬಿಳಿ ನಾರುಬಟ್ಟೆಯನ್ನು ಹರಿದು ಕೂಸಿಗೆ ಸುತ್ತಿದಳು. ಅಂದಿನಿಂದ ಇಬ್ಬರೂ ಒಬ್ಬರ ಕಣ್ಣನ್ನು ಒಬ್ಬರು ನೋಡಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಬೀಗದಕೈ ಈಗ ಕರ್ಸ್ಟಿಯ ಕೊರಳಲ್ಲಿತ್ತು.

ಉಳಿದದ್ದು ಮೂರನೆಯ ಮಗು ಡೋಲಿನಾ. ಒಂಬತ್ತು ವರ್ಷ, ಬಾಯಿ ಜೋರು, ಎದೆ ಕಿರಿದು. ಗೋಡೆಯ ತೇವ ಹೊದಿಕೆಗೆ ಇಳಿಯುವ ಚಳಿಗಾಲದಲ್ಲಿ ಅವಳಿಗೂ ಅದೇ ಕೆಮ್ಮು ಬರುತ್ತಿತ್ತು. ಕಳೆದ ವರ್ಷ ಫೆಬ್ರವರಿಯಲ್ಲಿ ಎಂಜಲಿನಲ್ಲಿ ರಕ್ತದ ಎಳೆ ಕಂಡದ್ದನ್ನು ಕರ್ಸ್ಟಿ ಗಂಡನಿಗೂ ಹೇಳಿರಲಿಲ್ಲ.

ಇನ್ನು ಕೆನೆಯ ವಿಷಯ. ಕಿಲ್‌ಬ್ರಾನಿಗ್ ಊರಿನ ಮೇಲ್ಗುಡ್ಡದ ಹುಲ್ಲು ಯಾರದು ಎಂಬ ಜಗಳ ಅದರ ಹಿಂದಿತ್ತು. ಊರಿನವರ ಪ್ರಕಾರ ಅವರ ಎಲ್ಲೆ ಗುಡ್ಡದ ನೆತ್ತಿಯ ಅಳುಗಲ್ಲಿನವರೆಗೆ. ಧಣಿಗಳ ಪ್ರಕಾರ ಕೆಳಗೆ ಹಳ್ಳದ ಪಕ್ಕದ ಕಲ್ಲಿನವರೆಗೆ ಮಾತ್ರ, ಅದರಾಚೆಗಿನದೆಲ್ಲ ಕುರಿ ಸಾಕುವ ದೊಡ್ಡ ಜಮೀನಿಗೆ ಸೇರಿದ್ದು. ಎರಡು ಕಲ್ಲುಗಳ ನಡುವೆ ಇನ್ನೂರು ಎಕರೆ ಒಳ್ಳೆಯ ಹುಲ್ಲು. ಮೂವತ್ತು ವರ್ಷದ ಹಿಂದೆ ನಕ್ಷೆ ಬರೆಯಲು ಬಂದವನು ಎಲ್ಲೆಕಲ್ಲಿನ ಹೆಸರು ಕೇಳಿದಾಗ ಯಾರೋ 'ಕ್ಲಾಖ್ ಕೂಯ್ನ್' ಎಂದಿದ್ದರು. ಇಲ್ಲಿಯ ಮಾತಿನಲ್ಲಿ ಕೂಯ್ನ್ ಎಂದರೆ ಅಳು. ಅದೇ ಕೂಯ್ನ್ ಎಂದರೆ ನುಣುಪು ಎಂದೂ ಆಗುತ್ತದೆ. ಪುಸ್ತಕದಲ್ಲಿ ಭಾಷೆ ಕಲಿತಿದ್ದ ಆ ಪುಣ್ಯಾತ್ಮ, ಗುಡ್ಡ ಹತ್ತಲು ಬೇಸರಪಟ್ಟು, ಹಳ್ಳದ ಪಕ್ಕದಲ್ಲಿ ನುಣ್ಣಗಿದ್ದ ಕಲ್ಲೊಂದನ್ನು ಕಂಡು, ಇದೇ ಇರಬೇಕು ಎಂದು ಬರೆದುಕೊಂಡು ಹೋದ. ಊರಿನವರಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಧಣಿಗಳ ಕುರಿಗಳು ಕೆಳಗಿಳಿದು ಬಂದ ಮೇಲೆಯೇ ಅವರಿಗೆ ಗೊತ್ತಾದದ್ದು.

ನೆತ್ತಿಯ ಕಲ್ಲಿಗೆ ಅಳುಗಲ್ಲು ಎಂಬ ಹೆಸರು ಸುಮ್ಮನೆ ಬಂದಿರಲಿಲ್ಲ. ಹಿಂದೆ ಎಲ್ಲೆ ಸುತ್ತುವ ದಿನ ಊರಿನ ಒಂದು ಮಗುವನ್ನು ಅಲ್ಲಿಗೆ ಕರೆದೊಯ್ದು, ಅದರ ಕೈಯನ್ನು ಕಲ್ಲಿನ ಮೇಲೆ ಇರಿಸಿ, ಸ್ವಂತದವರೇ ಕೋಲಿನಿಂದ ಹೊಡೆಯುತ್ತಿದ್ದರು. ಕಾಗದ ಕೊಳೆಯುತ್ತದೆ, ಪೆಟ್ಟು ಕೊಳೆಯುವುದಿಲ್ಲ ಎಂಬುದು ಹಿರಿಯರ ನಂಬಿಕೆ. ಹಾಗೆ ಹೊಡೆತ ತಿಂದವರಲ್ಲಿ ಜೀವಂತ ಉಳಿದವಳು ಎಂಬತ್ತೆರಡು ವರ್ಷದ ಗೋರ್ಮಲ್ ಒಬ್ಬಳೇ. ಅಪ್ಪನ ಕೋಲಿಗೆ ಸಿಕ್ಕಿ ಮುರಿದ ತೋರುಬೆರಳು ಸೊಟ್ಟಗೇ ಕೂಡಿಕೊಂಡಿತ್ತು.

ಊರ ಯಜಮಾನ ಇವಾಂಡರ್ ಆರು ಮೊಟ್ಟೆಗಳನ್ನು ಟೋಪಿಯಲ್ಲಿಟ್ಟುಕೊಂಡು ಬಂದ.

"ಜೂನ್ ಹದಿನೈದಕ್ಕೆ ಎಲ್ಲೆ ಜಗಳ ತೀರ್ಮಾನಿಸೋಕೆ ಸರ್ಕಾರದ ಆಯೋಗದವರು ಬರ್ತಾರೆ. ಶಾಲೆ ಮನೇಲಿ ಕೂತು ಕೇಳ್ತಾರಂತೆ. ಹೊಸ ಕಾನೂನು, ಈ ಸಲ ಬಡವರ ಮಾತೂ ಬರ್ಕೋತಾರೆ. ಗೋರ್ಮಲಕ್ಕ, ನಿನ್ನ ಬೆರಳೇ ಈಗ ನಮ್ಮೂರಿನ ಪತ್ರ. ಜೋಪಾನ."

"ನನಗ್ಯಾಕೆ ಹೇಳ್ತೀಯಾ? ಜೋಪಾನ ಮಾಡೋರಿಗೆ ಹೇಳು," ಎಂದಳು ಮುದುಕಿ ಕತ್ತಲೆಯಿಂದ. "ಊರಿನ ಪತ್ರಾನ ಸಗಣಿ ಪಕ್ಕ ಇಟ್ಟವ್ರೆ, ಮೂಗಿದ್ರೆ ಮೂಸಿ ನೋಡು."

ಇವಾಂಡರ್ ಕರ್ಸ್ಟಿಯ ಕಡೆ ತಿರುಗಿದ. ಸಂಜೆಯ ಹೊತ್ತಿಗೆ ಹಾಸಿಗೆ ಒಲೆಯ ಪಕ್ಕಕ್ಕೆ ಬಂತು.

ಅಲ್ಲಿಂದ ಮುದುಕಿಯ ದರ್ಬಾರು ಶುರುವಾಯಿತು. ಗಂಜಿಗೆ ಕೆನೆ ಬೇಕು. ಆಲೂಗಡ್ಡೆ ಸುಲಿದೇ ಕೊಡಬೇಕು. ಉಪ್ಪುಮೀನಿನ ಮುಳ್ಳನ್ನು ಸೊಸೆ ತನ್ನ ಕೈಯಾರೆ ತೆಗೆಯಬೇಕು. ಹೊರಗೆ ಆಲೂಗಡ್ಡೆ ನಾಟಿಯ ಸಮಯ, ಜೌಗಿನಲ್ಲಿ ಉರುವಲಿನ ಹೆಂಟೆ ಕೊಯ್ಯುವ ಸಮಯ. ಕರ್ಸ್ಟಿ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದರೆ ಒಳಗಿಂದ ಸೊಟ್ಟ ಬೆರಳು ಬಾಗಿಲ ಕಡೆ ಏಳುತ್ತಿತ್ತು.

"ಏನೇ, ಕಾಲು ತಿಕ್ಕು ಬಾ."

"ಅತ್ತೆ, ಕೈ ತೊಳ್ಕೊಂಡು ಬರ್ತೀನಿ."

"ತೊಳಿ, ತೊಳಿ. ಅಷ್ಟರಲ್ಲಿ ನನಗೆ ಮರೆವು ಬಂದ್ರೆ? ಎಂಬತ್ತೆರಡು ವರ್ಷ ಕಣೇ. ಕಲ್ಲು ಮೇಲಿತ್ತೋ ಕೆಳಗಿತ್ತೋ... ಈಗ್ಲೇ ಒಂಥರಾ ಮಂಜು ಮಂಜು."

ಡೋಲಿನಾ ಕಿಸಕ್ಕೆಂದಳು. ಅವಳಿಗೆ ಅಜ್ಜಿಯ ಕಥೆ ಬಾಯಿಪಾಠ. "ಮೇಲೆ ಅಜ್ಜಿ! ಅಲ್ಲಿ ನಿಂತ್ರೆ ಎರಡು ನೀರು ಕಾಣುತ್ತೆ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕೆರೆ. ನೀನೇ ಹೇಳಿದ್ಯಲ್ಲ."

"ನೋಡು, ಕೂಸಿಗೆ ಇರೋ ನಿಯತ್ತು ನಿನಗಿಲ್ಲ," ಎಂದಳು ಮುದುಕಿ ಸೊಸೆಗೆ.

ಟಾರ್ಕಿಲ್ ತಟ್ಟೆಯೊಳಗೇ ಮುಖ ಹುದುಗಿಸಿ ಉಣ್ಣುತ್ತಿದ್ದ. ತಾಯಿ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕೆಟ್ಟವನಲ್ಲ. ಕೆಟ್ಟವನಾಗಲಿಕ್ಕೂ ಸ್ವಲ್ಪ ಬೆನ್ನೆಲುಬು ಬೇಕಾಗುತ್ತದೆ.

ಮೂರನೆಯ ವಾರ ಧಣಿಗಳ ಪಾರುಪತ್ತೇಗಾರ ರ್‍ಯಾಟ್ರೇ ಕುದುರೆಯ ಮೇಲೆ ಬಂದ. ಗಂಡ ಹೆಂಡತಿ ಇಬ್ಬರೂ ಆಲೂಗಡ್ಡೆ ಹೊಲದಲ್ಲಿದ್ದರು. ಅವನು ಇಳಿಯಲಿಲ್ಲ.

"ಏನಯ್ಯಾ ಟಾರ್ಕಿಲ್, ನಿನ್ನ ತಾಯಿ ಹೇಗಿದ್ದಾಳೆ? ನೆನಪು ಚೆನ್ನಾಗಿದೆಯಾ?"

"ಇದೆ ಸ್ವಾಮಿ."

"ನೆನಪಿನ ಬಗ್ಗೆ ಒಂದು ಮಾತು. ನಕ್ಷೆಯಲ್ಲಿ ಇರೋದೇ ಅವಳಿಗೂ ನೆನಪಿದ್ರೆ ಎಲ್ಲರಿಗೂ ಕ್ಷೇಮ. ಮೇಲಿನ ಜಮೀನಿಗೆ ಒಬ್ಬ ಎಲ್ಲೆ ಕಾವಲಿನವನು ಬೇಕು. ಕಾವಲುಮನೆ ಖಾಲಿ ಇದೆ. ನೋಡಿದ್ದೀಯಲ್ಲಾ?"

ಟಾರ್ಕಿಲ್ ಟೋಪಿ ತೆಗೆದು ಹಿಂಡಿದ. ಉತ್ತರ ಕೊಟ್ಟವಳು ಕರ್ಸ್ಟಿ. "ಮರದ ನೆಲ ಇರೋ ಮನೆನಾ ಸ್ವಾಮಿ? ಕಲ್ಲುಹಲಗೆ ಸೂರಿಂದು?"

"ಅದೇ. ಒಲೆಗೆ ಹೊಗೆಗೂಡೂ ಇದೆ. ಗೋಡೆ ಮುಟ್ಟಿದ್ರೆ ಕೈ ಒದ್ದೆ ಆಗಲ್ಲ," ಎಂದು ಅವನು ನಗೆ ಬೀರಿ ಕುದುರೆ ತಿರುಗಿಸಿದ.

ಅವನು ಮರೆಯಾದ ಮೇಲೆ ಟಾರ್ಕಿಲ್ ಬಾಯಿ ಬಿಟ್ಟ. "ಊರು ನಮ್ಮನ್ನ ಸುಮ್ನೆ ಬಿಡುತ್ತಾ ಕರ್ಸ್ಟಿ? ಇನ್ನೂರು ಎಕರೆ."

"ಊರು ನನ್ನ ಎರಡು ಕೂಸು ಹೂಳೋವಾಗ ಏನು ಕೊಡ್ತು?"

"ಗುಂಡಿ ತೋಡಿಕೊಟ್ರಲ್ಲ."

"ಮೂರನೇದಕ್ಕೂ ತೋಡ್ತಾರೆ ಬಿಡು. ಒಳ್ಳೇ ಜನ," ಎಂದು ಕರ್ಸ್ಟಿ ಆಲೂಗಡ್ಡೆಯ ಬುಟ್ಟಿಯನ್ನು ಅವನ ಕಾಲ ಬಳಿ ಕುಕ್ಕಿದಳು. ಆಮೇಲೆ ಫೆಬ್ರವರಿಯ ರಕ್ತದ ಎಳೆಯ ವಿಷಯ ಹೇಳಿದಳು. ಟಾರ್ಕಿಲ್ ಬುಟ್ಟಿ ಎತ್ತಿಕೊಂಡು ಸಾಲಿಗೆ ಇಳಿದ. ಕೊನೆಗೆ ಹೂಂ ಎಂದ.

ಅತ್ತೆಯ ಹತ್ತಿರ ಮಾತೆತ್ತುವುದು ಕಷ್ಟವಾಗಲಿಲ್ಲ. ಮುದುಕಿಯೇ ಸೊಸೆಯ ಬಾಯಿಂದ ಮಾತನ್ನು ಎಳೆದುಕೊಂಡಳು.

"ಆ ಮನೇಲಿ ನನ್ನ ಹಾಸಿಗೆ ಎಲ್ಲಿ?"

"ಒಲೆ ಹತ್ರ ಅತ್ತೆ. ಸಾಯೋವರೆಗೂ."

"ಸತ್ತ ಮೇಲೆ?"

ಕರ್ಸ್ಟಿ ಒಲೆಗೆ ಹೆಂಟೆ ಒಟ್ಟಿದಳು.

"ನನ್ನ ನಾರುಬಟ್ಟೆ ಹರಿದೋಳು ನೀನು. ಬರಿಮೈಯಲ್ಲಿ ಮಣ್ಣಿಗೆ ಹೋಗಲ್ಲ ನಾನು. ಹೊಸದು ತರ್ತೀನಿ ಅಂತ ಬೈಬಲ್ ಮುಟ್ಟಿ ಹೇಳು. ನಿನಗೆ ಯಾವ ಕಲ್ಲು ಬೇಕೋ ಆ ಕಲ್ಲು ಅಂತೀನಿ."

ಕರ್ಸ್ಟಿ ಬೈಬಲ್ ಮುಟ್ಟಿ ಹೇಳಿದಳು. ಅದೇ ಮಧ್ಯಾಹ್ನ ಮೊಟ್ಟೆ ತಂದ ಇವಾಂಡರ್‌ಗೆ ಮುದುಕಿ ಅದೇ ಬಾಯಲ್ಲಿ "ಮೇಲಿನ ಕಲ್ಲೇ ಕಣೋ, ನನಗೆ ಮರೆಯೋಕುಂಟಾ" ಎಂದಳು. ಎರಡು ಕಡೆಯಿಂದಲೂ ತಿನ್ನುವ ಇಂಥ ಸುಖ ಅವಳಿಗೆ ಎಂಬತ್ತೆರಡು ವರ್ಷದಲ್ಲಿ ಸಿಕ್ಕಿರಲಿಲ್ಲ.

ಇವಾಂಡರ್‌ಗೆ ಬೇರೆ ಚಿಂತೆ ಹತ್ತಿತ್ತು. ಕೆನೆ ಹೆಚ್ಚಾಗಿ ಮುದುಕಿಗೆ ಎರಡು ದಿನ ಹೊಟ್ಟೆ ಕೆಟ್ಟದ್ದನ್ನು ಅವನು ನೋಡಿದ್ದ.

"ಹದಿನೈದರೊಳಗೆ ಏನಾದ್ರೂ ಆದ್ರೆ? ಒಂದೇ ಸಾಕ್ಷಿ ನಂಬ್ಕೊಂಡು ಕೂರೋದು ತಪ್ಪು. ಪದ್ಧತಿ ಪ್ರಕಾರ ಕಲ್ಲು ಕಂಡೋರು ಬದುಕಿರೋವಾಗ್ಲೇ ಇನ್ನೊಂದು ಮಗೂಗೆ ದಾಟಿಸ್ಬೇಕು. ನಿಮ್ಮ ಮನೇದೇ ಮಗು ಇದೆ."

"ನನ್ನ ಮಗಳನ್ನಾ?" ಎಂದಳು ಕರ್ಸ್ಟಿ.

"ಬರೀ ಒಂದು ಪೆಟ್ಟು ಕಣಮ್ಮಾ. ಗೋರ್ಮಲಕ್ಕ ತಿಂದು ಬದುಕಿಲ್ವಾ? ಪದ್ಧತಿ ಗೊತ್ತಲ್ಲ, ಸ್ವಂತದವರೇ ಹೋಗ್ಬೇಕು, ಬೇರೆಯವರು ನೋಡೋ ಹಾಗಿಲ್ಲ. ನೀವೇ ಕರ್ಕೊಂಡು ಹೋಗಿ ಬನ್ನಿ."

ಬೇರೆಯವರು ನೋಡುವ ಹಾಗಿಲ್ಲ. ಕರ್ಸ್ಟಿಯ ಕೈಯಲ್ಲಿದ್ದ ಹಿಟ್ಟಿನ ಸೌಟು ಅಲ್ಲಿಯೇ ನಿಂತಿತು. ಅತ್ತೆಯ ನಾಲಿಗೆಯನ್ನು ನಂಬುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಗುವಿನ ನಾಲಿಗೆ ತನ್ನ ಕೈಯೊಳಗಿನದು. "ಆಗ್ಲಿ ಇವಾಂಡರಣ್ಣ," ಎಂದಳು.

ಶನಿವಾರ ಬೆಳಗ್ಗೆ ಹೊರಟರು. ಹೆಂಟೆ ಹೊರುವ ಬೆನ್ನುಬುಟ್ಟಿಯಲ್ಲಿ ಮುದುಕಿಯನ್ನು ಕೂರಿಸಿ ಟಾರ್ಕಿಲ್ ಹೊತ್ತ. ಡೋಲಿನಾ ಮುಂದೆ ಮುಂದೆ ಓಡಿದಳು. ಊರು ಅವಳಿಗೆ ಎರಡು ಬೇಯಿಸಿದ ಮೊಟ್ಟೆ ಕೊಟ್ಟಿತ್ತು, ಒಂದು ಪೆಟ್ಟಿಗೆ ಎರಡು ಮೊಟ್ಟೆ ಒಳ್ಳೆಯ ವ್ಯಾಪಾರವೆಂದು ಅವಳು ಗೆಳತಿಯರ ಹತ್ತಿರ ಜಂಬ ಕೊಚ್ಚಿದ್ದಳು.

ಹಳ್ಳದ ಪಕ್ಕ ಬಂದಾಗ ಕರ್ಸ್ಟಿ "ಇಲ್ಲೇ ಇಳಿಸು" ಎಂದಳು.

ಟಾರ್ಕಿಲ್ ಬುಟ್ಟಿ ಇಳಿಸಿದ. ನುಣುಪುಕಲ್ಲು ಮೊಣಕಾಲೆತ್ತರ, ಹಳೇ ಸಾಬೂನಿನ ಹಾಗೆ ಸವೆದಿತ್ತು. ಡೋಲಿನಾ ಆಗಲೇ ಹಳ್ಳ ದಾಟಿ ಹತ್ತು ಮಾರು ಮೇಲೆ ಹೋಗಿದ್ದಳು.

"ಅಮ್ಮಾ, ಇನ್ನೂ ಮೇಲೆ!"

"ಇದೇ. ಬಾ ಇಲ್ಲಿ."

ಮಗು ಇಳಿದು ಬಂತು. ಸುತ್ತ ನೋಡಿತು. "ಇದಲ್ಲ. ಇಲ್ಲಿಂದ ಒಂದು ನೀರೂ ಕಾಣಲ್ಲ, ಬರೀ ಈ ಹಳ್ಳ. ಅಜ್ಜೀ, ಹೇಳು."

ಗೋರ್ಮಲ್ ಬುಟ್ಟಿಯ ಅಂಚಿನ ಮೇಲೆ ಗಲ್ಲ ಇಟ್ಟುಕೊಂಡು ಕೂತಿದ್ದಳು. ಮೊಮ್ಮಗಳನ್ನು ನೋಡಿದಳು, ಸೊಸೆಯನ್ನು ನೋಡಿದಳು. "ನಿಮ್ಮಮ್ಮ ಹೇಳಿದ್ದೇ ಸರಿ," ಎಂದಳು. "ನನ್ನ ನೆನಪು ಮಂಜು."

ಟಾರ್ಕಿಲ್ ಮಗಳ ಮಣಿಕಟ್ಟು ಹಿಡಿದು ಕಲ್ಲಿನ ಮೇಲೆ ಒತ್ತಿದ. ಕರ್ಸ್ಟಿ ಕೋಲು ಎತ್ತಿದಳು. ಒಂದೇ ಪೆಟ್ಟು ಎಂದು ಅಂದುಕೊಂಡಿದ್ದಳು.

"ಇದು ಯಾವ ಕಲ್ಲು?"

"ನುಣುಪುಕಲ್ಲು!" ಎಂದು ಡೋಲಿನಾ ಕಿರುಚಿದಳು.

"ಇದು ಎಲ್ಲೆಕಲ್ಲು. ಎಲ್ಲೆ ಎಲ್ಲಿ?"

"ಮೇಲೆ! ಅಜ್ಜಿ ಹೇಳಿದ್ದು ಮೇಲೆ!"

ಎರಡನೆಯ ಪೆಟ್ಟು ಬಿತ್ತು. ಮೂರನೆಯದೂ ಬಿತ್ತು. ಮಗು ಅಪ್ಪಾ ಎಂದಿತು, ಅಪ್ಪ ಹಿಡಿತ ಬಿಡಲಿಲ್ಲ, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಕಲ್ಲು ಕದಲಿದ್ದಕ್ಕೆ ಕೂಸಿಗೆ ಬರೆ. ಒಂದು ಬೆರಳು ಹೋದರೆ ಹೋಗಲಿ, ಎದೆ ಉಳಿಯಲಿ ಎಂದು ಕರ್ಸ್ಟಿ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಲೇ ಹೊಡೆದಳು. ಆದರೆ ಐದನೆಯ ಪೆಟ್ಟಿನ ಹೊತ್ತಿಗೆ ಅವಳ ಕೋಲಿನ ಕೆಳಗೆ ಮಗಳ ಕೈಯಷ್ಟೇ ಇರಲಿಲ್ಲ. ಹಿಟ್ಟಿನ ಪೆಟ್ಟಿಗೆಯ ಬೀಗವಿತ್ತು, ತವರಿನ ಎದೆಯ ಮಾತಿತ್ತು, ನಾಲ್ಕು ವಾರದ ಕೆನೆಯಿತ್ತು. ಬೆರಳು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

"ಇದೇ," ಎಂದಿತು ಮಗು. "ಇದೇ ಅಮ್ಮಾ, ಇದೇ ಎಲ್ಲೆ, ಇದೇ."

ಮತ್ತೆ ಬುಟ್ಟಿ ಹೊತ್ತು ಇಳಿದರು. ಅರ್ಧ ದಾರಿಯಲ್ಲಿ ಮುದುಕಿ ಬುಟ್ಟಿಯೊಳಗಿಂದ "ನಮ್ಮಪ್ಪ ಎರಡೇ ಪೆಟ್ಟು ಹೊಡೆದಿದ್ದು," ಎಂದಳು. ಊರಿನವರು ಮಗುವಿನ ಊದಿದ ಕೈ ನೋಡಿ ಮೆಚ್ಚಿದರು. ಇವಾಂಡರ್ ಅವಳ ತಲೆ ಸವರಿ ಇನ್ನೊಂದು ಮೊಟ್ಟೆ ಕೊಟ್ಟ. ಡೋಲಿನಾ ಅದನ್ನು ತಿನ್ನಲಿಲ್ಲ, ಹಸುವಿನ ಮುಂದೆ ಒಗೆದಳು.

ಸೋಮವಾರದಿಂದ ಮುದುಕಿಯ ಗಂಜಿಗೆ ಕೆನೆ ಬೀಳಲಿಲ್ಲ. ಬುಧವಾರ ಹಾಸಿಗೆ ಒಂದು ಗೇಣು ಹಿಂದೆ ಸರಿಯಿತು.

"ಏನೇ ಇದು, ನೀಲಿ ಹಾಲು?"

"ಹೊಟ್ಟೆ ಕೆಡುತ್ತಲ್ಲ ಅತ್ತೆ, ನಿಮಗೇ ಒಳ್ಳೇದು. ಹದಿನೈದಕ್ಕೆ ನೀವು ಬರೋದೂ ಬೇಡ. ನಿಮಗೆ ಜ್ವರ ಅಂತ ಹೇಳಿಬಿಡ್ತೀನಿ. ಮಗು ಹೇಳುತ್ತೆ, ಸಾಕು."

ಮುದುಕಿ ಬಟ್ಟಲನ್ನು ಕೆಳಗಿಟ್ಟಳು. "ನಾರುಬಟ್ಟೆ?"

"ಯಾವ ನಾರುಬಟ್ಟೆ?" ಎಂದಳು ಕರ್ಸ್ಟಿ.

ಆ ಎರಡು ಪದ ಆಡಲು ಅವಳು ಎಷ್ಟೋ ವರ್ಷ ಕಾದಿದ್ದಳು. ಅವುಗಳ ರುಚಿ ಒಂದು ದಿನವಿಡೀ ಅವಳ ಬಾಯಲ್ಲಿ ಉಳಿಯಿತು.

ಹದಿನೈದನೆಯ ತಾರೀಕು ಶಾಲೆಯ ಮನೆ ಕಿಕ್ಕಿರಿದಿತ್ತು. ಮೇಜಿನ ಹಿಂದೆ ಮೂವರು ದೊಡ್ಡವರು, ಪಕ್ಕದಲ್ಲಿ ಭಾಷೆ ತಿರುಗಿಸಿ ಹೇಳುವ ಗುಮಾಸ್ತ, ಕಿಟಕಿಯ ಬಳಿ ರ್‍ಯಾಟ್ರೇ ಮತ್ತು ಧಣಿಗಳ ವಕೀಲ. ಅತ್ತೆಗೆ ಜ್ವರ ಎಂದು ಕರ್ಸ್ಟಿ ಹೇಳಿದ್ದಳು. ಇವಾಂಡರ್ ಅಷ್ಟಕ್ಕೆ ಬಿಡುವವನಾ? ಇಬ್ಬರು ಗಟ್ಟಿ ಆಳುಗಳನ್ನು ಕಳಿಸಿದ್ದ. ಬಾಗಿಲು ತೆರೆಯಿತು, ಅದೇ ಬೆನ್ನುಬುಟ್ಟಿಯಲ್ಲಿ ಗೋರ್ಮಲ್ ಒಳಗೆ ಬಂದಳು. ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ನೆಟ್ಟಗೆ ಕೂತಿದ್ದಳು.

"ಅಜ್ಜಿ, ಎಲ್ಲೆಕಲ್ಲು ಎಲ್ಲಿದೆ?" ಎಂದು ಅಧ್ಯಕ್ಷರು ಗುಮಾಸ್ತನ ಮೂಲಕ ಕೇಳಿಸಿದರು.

"ಗುಡ್ಡದ ನೆತ್ತೀಲಿ," ಎಂದಳು ಗೋರ್ಮಲ್, ಗಂಟೆ ಬಾರಿಸಿದ ಹಾಗೆ. "ಎರಡು ನೀರು ಕಾಣೋ ಜಾಗ. ನಮ್ಮಪ್ಪ ಅಲ್ಲೇ ನನ್ನ ಬೆರಳು ಮುರಿದ. ಹೆಸರು ಅಳುಗಲ್ಲು. ನಕ್ಷೆಯವನು ಅಳು ಯಾವುದು ನುಣುಪು ಯಾವುದು ಗೊತ್ತಿಲ್ಲದ ಶನಿ." ಹಿಂದಿನ ಸಾಲುಗಳಲ್ಲಿ ನಗು ಎದ್ದಿತು. ಅವಳು ಕರ್ಸ್ಟಿಯನ್ನು ಹುಡುಕಿ ನೋಡಿ ಹೇಳಿದಳು, "ಈಗ ನನ್ನ ನೆನಪು ತಿಳಿಯಾಗಿದೆ. ಕೆನೆ ನಿಂತ ಮೇಲೆ ಮಂಜು ಹರಿಯಿತು."

"ಎಲ್ಲಿ, ಗುಡ್ಡ ತೋರಿಸು," ಎಂದ ವಕೀಲ.

ಮುದುಕಿ ಕೈ ಎತ್ತಿ ತೋರಿಸಿದಳು. ಕೈ ಗುಡ್ಡದ ಕಡೆಗಿತ್ತು. ಸೊಟ್ಟ ಬೆರಳು ಮಾತ್ರ ಅಡ್ಡಡ್ಡ ತಿರುಗಿ ಹಳ್ಳದ ಕಡೆ ನಿಂತಿತು.

"ಬೆರಳು ಹಳ್ಳದ ಕಡೆ, ಬಾಯಿ ಗುಡ್ಡದ ಕಡೆ. ಯಾವುದನ್ನ ಬರೆದುಕೊಳ್ಳೋಣ?" ಎಂದ ವಕೀಲ. ಈ ಸಲ ಮುಂದಿನ ಸಾಲುಗಳು ನಕ್ಕವು. ಅಧ್ಯಕ್ಷರೂ ಮೀಸೆಯೊಳಗೆ ನಕ್ಕರು. ಗೋರ್ಮಲ್ ಕೈಯನ್ನು ಇಳಿಸಲಿಲ್ಲ, ಇನ್ನೊಂದು ಕೈಯಿಂದ ಬೆರಳನ್ನು ನೆಟ್ಟಗೆ ಮಾಡಲು ನೋಡಿದಳು. ಎಪ್ಪತ್ತನಾಲ್ಕು ವರ್ಷದಿಂದ ಸೊಟ್ಟಗಿದ್ದದ್ದು ಬಗ್ಗಲಿಲ್ಲ.

ಇವಾಂಡರ್ ಎದ್ದು ನಿಂತ. "ಸ್ವಾಮಿ, ಇನ್ನೊಂದು ಸಾಕ್ಷಿ ಇದೆ. ಮೊನ್ನೆ ಮೊನ್ನೆ, ಪದ್ಧತಿ ಪ್ರಕಾರ ಕಲ್ಲು ತೋರಿಸಿ ತಂದ ಮಗು. ಡೋಲಿನಾ, ಬಾರಮ್ಮ."

ಆಗ ಕರ್ಸ್ಟಿ ಏಳಬಹುದಿತ್ತು. ಮಗುವಿಗೆ ಮೈ ಸರಿಯಿಲ್ಲ ಎನ್ನಬಹುದಿತ್ತು. ಮಗಳು ಮೇಜಿನ ಮುಂದೆ ನಿಂತು ಹಿಂದೆ ತಿರುಗಿ ತಾಯಿಯ ಮುಖವನ್ನು ನೋಡಿದಳು. ಮೇಲಿನದು ಎಂದರೆ ಇನ್ನೂ ಹೊಡೀತೀಯಾ ಎಂದು ಆ ಕಣ್ಣು ಕೇಳುತ್ತಿದ್ದದ್ದು ಕರ್ಸ್ಟಿಗೆ ಅಕ್ಷರ ಅಕ್ಷರ ಅರ್ಥವಾಯಿತು. ಅವಳು ಮರದ ನೆಲವನ್ನು ನೆನೆದು, ಹುಬ್ಬು ಗಂಟಿಕ್ಕಿದಳು.

"ಹಳ್ಳದ ಪಕ್ಕದ್ದು," ಎಂದಳು ಡೋಲಿನಾ. "ನುಣುಪುಕಲ್ಲು."

ಇವಾಂಡರ್‌ನ ಬಾಯಿ ತೆರೆದದ್ದು ತೆರೆದೇ ಇತ್ತು.

"ನಿನಗೆ ಹೇಗೆ ಗೊತ್ತು ಮಗು?" ಎಂದರು ಅಧ್ಯಕ್ಷರು ಮೃದುವಾಗಿ.

ಅವಳು ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಬೆರಳು ನೇರಳೆ ಬಣ್ಣಕ್ಕೆ ತಿರುಗಿ ಪಕ್ಕಕ್ಕೆ ವಾಲಿತ್ತು. "ಅಪ್ಪ ಹಿಡ್ಕೊಂಡ್ರು, 'ಇದೇ' ಅನ್ನೋವರೆಗೂ ಅಮ್ಮ ಹೊಡೆದ್ಲು."

ಗುಮಾಸ್ತ ಅದನ್ನು ತಿರುಗಿಸಿ ಹೇಳಿದಾಗ 'ಇದೇ ಅನ್ನೋವರೆಗೂ' ಎಂಬುದನ್ನು ಬಿಟ್ಟ. ಅಪ್ಪ ಹಿಡಿದರು, ಅಮ್ಮ ಹೊಡೆದರು, ಅಷ್ಟೇ. ಅಧ್ಯಕ್ಷರು ತಲೆಯಾಡಿಸಿ ಬರೆದುಕೊಂಡರು. ನಕ್ಷೆ ಹೇಳಿದ್ದನ್ನೇ ಮಗುವೂ ಹೇಳಿತ್ತು.

ಆಗಸ್ಟ್‌ನಲ್ಲಿ ತೀರ್ಪಿನ ಕಾಗದ ಬಂತು. ಎಲ್ಲೆ ನುಣುಪುಕಲ್ಲಿನಲ್ಲಿ ನಿಂತಿತು. ಆ ವಾರದಿಂದ ಟಾರ್ಕಿಲ್‌ನ ಹೆಂಟೆ ಹೊರಲು ಯಾರೂ ಬರಲಿಲ್ಲ. ಒಲೆ ಆರಿದ ದಿನ ಕೆಂಡ ಕೇಳಲು ಹೋದ ಕರ್ಸ್ಟಿಗೆ ಮೂರು ಮನೆಯವರು ಬಾಗಿಲು ಹಾಕಿದರು. ನಾಲ್ಕನೆಯ ಮನೆಯವಳು ಕೆಂಡದ ಬದಲು ಬೂದಿ ಕೊಟ್ಟಳು. ಚರ್ಚಿನಲ್ಲಿ ಅವರ ಬೆಂಚಿನ ಎರಡೂ ಕಡೆ ಖಾಲಿ. ಕರ್ಸ್ಟಿ ಹಲ್ಲು ಕಚ್ಚಿ ಸಹಿಸಿದಳು. ಕಾವಲುಮನೆಗೆ ಹೋದರೆ ಈ ಊರಿನ ಮುಖವನ್ನೇ ನೋಡಬೇಕಾಗಿಲ್ಲ ಎಂದುಕೊಂಡಳು.

ಸೆಪ್ಟೆಂಬರ್ ಕಳೆದರೂ ಕರೆ ಬರಲಿಲ್ಲ. ಕೊನೆಗೆ ಗಂಡನನ್ನು ಎಳೆದುಕೊಂಡು ಅವಳೇ ರ್‍ಯಾಟ್ರೇಯ ಕಚೇರಿಗೆ ಹೋದಳು.

"ಕಾವಲುಮನೆ?" ಎಂದ ಅವನು. "ಅದರಲ್ಲಿ ತಂತಿ ಸುರುಳಿ ತುಂಬಿಸಿದ್ದೀವಲ್ಲ. ನುಣುಪುಕಲ್ಲಿನಿಂದ ಸಮುದ್ರದವರೆಗೆ ತಂತಿಬೇಲಿ ಬರ್ತಾ ಇದೆ. ಎಲ್ಲೆ ತೀರ್ಮಾನ ಆದ ಮೇಲೆ ಕಾವಲಿನವನು ಯಾಕೆ?"

"ಮಾತು ಕೊಟ್ಟಿದ್ರಿ ಸ್ವಾಮಿ," ಎಂದ ಟಾರ್ಕಿಲ್.

"ಕೊಟ್ಟಿದ್ದೆ. ನಿನ್ನ ತಾಯಿ ಹಳ್ಳದ ಕಲ್ಲು ಅಂದ್ರೆ ಅಂತ. ಅವಳು ಗುಡ್ಡ ಅಂದಳು. ಮಗು ಹೇಳಿದ್ದಕ್ಕೆ ನಾನು ಏನೂ ಮಾತು ಕೊಟ್ಟಿರಲಿಲ್ಲ." ಅವನು ಮೇಜಿನ ಖಾನೆಯಿಂದ ಒಂದು ಸಕ್ಕರೆ ಮಿಠಾಯಿ ತೆಗೆದು ಮುಂದಿಟ್ಟ. "ಅವಳಿಗೆ ಕೊಡು. ಜಾಣ ಹುಡುಗಿ."

ಅಕ್ಟೋಬರ್‌ನ ಮಳೆ ಹಿಡಿಯಿತು. ಗೋಡೆ ಬೆವರತೊಡಗಿತು. ಗೋರ್ಮಲಳ ಹಾಸಿಗೆ ಹಸುವಿನ ತುದಿಗೆ ಮರಳಿತ್ತು. ಈ ಸಲ ಗೇಣು ಗೇಣಾಗಿ ಅಲ್ಲ, ಒಂದೇ ದಿನಕ್ಕೆ. ಕೇಳಲು ಊರಿನವರು ಯಾರೂ ಇವರ ಮನೆಗೆ ಬರುತ್ತಿರಲಿಲ್ಲ. ಡೋಲಿನಾಳ ಕೆಮ್ಮು ಈ ವರ್ಷ ಬೇಗನೆ ಶುರುವಾಗಿತ್ತು. ಮುರಿದ ಬೆರಳು ಕೂಡಿಕೊಂಡಿತ್ತು, ಅಜ್ಜಿಯದಕ್ಕಿಂತ ಸೊಟ್ಟಗೆ.

ಮಧ್ಯಾಹ್ನ ಕರ್ಸ್ಟಿ ಗಂಜಿ ಬಡಿಸುತ್ತಿದ್ದಳು. ಹಸುವಿನ ಕಡೆಯಿಂದ ಮುದುಕಿಯ ದನಿ ಬಂತು.

"ಏನೇ, ನೀನು ಒಂದು ವಿಷಯ ಗಮನಿಸಿದ್ಯಾ? ನಕ್ಷೆಯವನು ಮೂವತ್ತು ವರ್ಷದ ಹಿಂದೆ ಬರೆದದ್ದು ತಪ್ಪು. ಆ ಕಲ್ಲಿನ ಹತ್ರ ಯಾರೂ ಅತ್ತಿರಲಿಲ್ಲ. ಈಗ ಕೂಸು ಅತ್ತಿದೆ. ನನ್ನ ಮೊಮ್ಮಗಳು ಅತ್ತಿದಾಳೆ. ನಕ್ಷೇನ ನಿಜ ಮಾಡಿದೋಳು ನೀನೇ ಕಣೇ. ಇನ್ಮೇಲೆ ಅದೇ ಅಳುಗಲ್ಲು."

"ಬಾಯಿ ಮುಚ್ಕೊಂಡು ತಿನ್ನಿ ಅತ್ತೆ."

"ತಿನ್ನೋಕೆ ಏನು ಕೊಟ್ಟಿದೀಯಾ, ಮುಚ್ಚೋಕೆ?"

ಟಾರ್ಕಿಲ್ ತಟ್ಟೆಯೊಳಗೆ ಮುಖ ಹುದುಗಿಸಿದ. ಕರ್ಸ್ಟಿ ತಳ ಹಿಡಿದ ಗಂಜಿಯನ್ನು ಬಟ್ಟಲಿಗೆ ಸುರಿದು, ನೀಲಿ ಹಾಲು ಹೊಯ್ದು, ಮಗಳ ಕೈಗೆ ಕೊಟ್ಟಳು. "ತಗೊಂಡು ಹೋಗಿ ಅಜ್ಜಿಗೆ ಕೊಡು."

ಡೋಲಿನಾ ಬಟ್ಟಲು ಹಿಡಿದು ನಿಂತಳು, ಹೋಗಲಿಲ್ಲ. ಒಲೆಯಿಂದ ಹಸುವಿನವರೆಗಿನ ನೆಲವನ್ನು ಕಣ್ಣಲ್ಲೇ ಅಳೆಯುತ್ತಿದ್ದಳು.

"ಅಮ್ಮಾ, ನಿನಗೆ ಈಗ ಎಷ್ಟು ವರ್ಷ?"

"ಮೂವತ್ತೆರಡು. ಯಾಕೆ?"

"ಅಜ್ಜಿಯಷ್ಟು ಆಗೋಕೆ ಇನ್ನೂ ಐವತ್ತು," ಎಂದಳು ಮಗು. ಕೆಮ್ಮು ಬಂತು, ನಿಂತಿತು. ಸೊಟ್ಟ ಬೆರಳಿನಿಂದ ಬಟ್ಟಲಿನ ಅಂಚಿಗೆ ಮೆತ್ತಿದ್ದ ಕರಕಲು ಗಂಜಿಯನ್ನು ಒರೆಸಿ ನೋಡಿದಳು. "ಹೀಗೇ ತಾನೇ, ತಳ ಹಿಡಿದದ್ದು, ಕೆನೆ ತೆಗೆದದ್ದು?"

"ಏನು ಹೀಗೇ? ಏನು ಕೇಳ್ತಿದೀಯಾ ನೀನು?"

"ಏನಿಲ್ಲಮ್ಮ. ನೆನಪಿಟ್ಕೋತಾ ಇದೀನಿ."

ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಚೆಲ್ಲದ ಹಾಗೆ, ಹಸುವಿನ ತುದಿಗೆ ನಡೆದಳು.